ಮೀಸೆ ಬಂದ ಬೋಲ್ಟು

ಮೂಕಂಡಪಲ್ಲಿಯಲ್ಲಿ ಕಾರಿನ ಆಯಿಲ್ ಬದಲಾಯಿಸಲು ನಿಲ್ಲಿಸಿದ್ದೆ. ಮೆಕ್ಯಾನಿಕ್ ಒಂದು ಬೋಲ್ಟು ತಂದು ನನ್ನ ಮೂಗಿನ ಮುಂದೆ ಹಿಡಿದ. ಆಯಿಲ್ ಇಳಿಸುವ ತೂತಿಗೆ ಹಾಕುವ ಬೋಲ್ಟಂತೆ, ತುದಿಯಲ್ಲಿ ಅಯಸ್ಕಾಂತ. ಅದರ ಸುತ್ತ ಕಬ್ಬಿಣದ ಪುಡಿ ಮೀಸೆಯ ಹಾಗೆ ನೆಟ್ಟಗೆ ನಿಂತಿತ್ತು.

"ಇನ್ನೊಂದು ಕಾರಿಂದ ಈಗ್ತಾನೆ ಬಿಚ್ಚಿದ್ದು ಸಾರ್. ಇದಿಲ್ದಿದ್ರೆ ಇಷ್ಟೂ ಎಂಜಿನ್ನೊಳಗೇ ತಿರುಗ್ತಾ ಇರ್ತಿತ್ತು. ನಿಮ್ದಕ್ಕೂ ಹಾಕ್ಬುಡ್ಲಾ?"

"ಅದಕ್ಕೇ ಫಿಲ್ಟರ್ ಇದೆಯಲ್ಲಪ್ಪ?"

"ಫಿಲ್ಟರ್ ಬಿಟ್ಟಿದ್ದುನ್ನ ಇದು ಹಿಡೀತದೆ ಸಾರ್."

ನನಗೇಕೋ ಅನುಮಾನ. ಎಂಜಿನ್ನಿಂದ ಬಂದ ಪುಡಿಗೆ ಎಣ್ಣೆಯ ಜಿಡ್ಡಿರಬೇಕು; ಇದು ಒಣಗಿ ಫಳಫಳ ಹೊಳೆಯುತ್ತಿತ್ತು. ಪಕ್ಕದ ಶೆಡ್ಡಿನಲ್ಲಿ ಕಬ್ಬಿಣ ಕಡೆಯುವ ಲೇತ್ ಓಡುತ್ತಿತ್ತು. ಪ್ಯಾಕೆಟ್ಟಿನಿಂದ ಹೊಸ ಬೋಲ್ಟೊಂದನ್ನು ತೆಗೆಸಿ, ಆ ಶೆಡ್ಡಿನ ಬಾಗಿಲ ಮಣ್ಣಿನಲ್ಲಿ ಒಮ್ಮೆ ಹೊರಳಿಸಿ ಎತ್ತಿದೆ. ಅದಕ್ಕೂ ಅಂಥದ್ದೇ ಮೀಸೆ ಬಂದಿತ್ತು.

ಆಸಾಮಿ ಜಗ್ಗಲಿಲ್ಲ. "ನೋಡಿದ್ರಾ ಸಾರ್, ಹೊಸದ್ರ ಪವರ್ರು ಎಂಗದೆ!"

ನನ್ನ ಕಾರಿನ ಹಳೇ ಬೋಲ್ಟನ್ನೇ ಬಿಗಿಸಿಕೊಂಡು, ಗೆದ್ದವನ ಠೀವಿಯಲ್ಲಿ ಹೊರಟೆ. ಆದರೆ ರಾಯಕೋಟೆ ಮುಟ್ಟುವವರೆಗೂ ಹಾಡು ಹಾಕಲಿಲ್ಲ. ಎಂಜಿನ್ನೊಳಗೆ ಏನಾದರೂ ತಿರುಗುತ್ತಿದೆಯಾ ಅಂತ ಕಿವಿಗೊಟ್ಟೇ ಕೂತಿದ್ದೆ.