ಬಜೆ ಎಣ್ಣೆ ಸವರಿದ ಬೀಜದ ಬೆನ್ನು ಹತ್ತಿ

ಹೆಬ್ಬಾಳದಲ್ಲಿ ಯಲಹಂಕದ ಬಸ್ಸು ಹತ್ತಿದಾಗ ಬೆಳಿಗ್ಗೆ ಒಂಬತ್ತು ಗಂಟೆ. ಟಿಕೆಟ್ಟು ಕೈಗೆ ಬಂದ ಮೇಲೂ ಮತ್ತೆ ಚಿಲ್ಲರೆ ಚಾಚಿದೆ. "ಯಾಕ್ ಮೇಡಂ, ಜ್ವರಾನಾ?" ಎಂದ ಕಂಡಕ್ಟರು. ಜ್ವರವಲ್ಲ, ಹೆದರಿಕೆ.

ಅದು ಎಂಬತ್ತರ ದಶಕದ ಆರಂಭ. ಹಾವೇರಿ ಕಡೆಯಿಂದ ಬಂದ ನಾನು ಹೆಬ್ಬಾಳದ ಪ್ರಯೋಗಾಲಯವೊಂದರಲ್ಲಿ ಸಹಾಯಕಿ. ಸೋಯಾ ಅವರೆ ಇಲ್ಲಿನ ಮಣ್ಣಿಗೆ ಹೊಸದು. ಅದರ ಬೇರಿನಲ್ಲಿ ಗಂಟು ಕಟ್ಟಿ, ಗಾಳಿಯಿಂದಲೇ ಗೊಬ್ಬರ ಒದಗಿಸುವ ಜೀವಾಣುವನ್ನು ಕಪ್ಪು ಪುಡಿಯಲ್ಲಿ ಬೆರೆಸಿ ರೈತರಿಗೆ ಕೊಡುತ್ತಿದ್ದೆವು. ಬೆಲ್ಲದ ನೀರಲ್ಲಿ ಕಲಸಿ ಬೀಜಕ್ಕೆ ಹಚ್ಚಿ ಬಿತ್ತಬೇಕು. ಐದು ವಾರದ ಹಿಂದೆ ಪೊಟ್ಟಣ ಒಯ್ಯಲು ಬಂದ ಅಲ್ಲಾಳಸಂದ್ರದ ಮುನಿಯಮ್ಮ, ಹುಳು ಬೀಳದಿರಲೆಂದು ಬೀಜಕ್ಕೆ ಬಜೆ ಎಣ್ಣೆ ಸವರಿಟ್ಟಿದ್ದೇನೆ, ಅಡ್ಡಿಯಿಲ್ಲವೇ ಎಂದು ಕೇಳಿದ್ದಳು.

"ಏನೂ ಆಗೂದಿಲ್ಲ ಬಿಡವ್ವಾ. ಗಿಡದ್ದ ಎಣ್ಣಿ ಅಲ್ಲೇನು?" ಎಂದಿದ್ದೆ. ಯೂರಿಯಾ ಕೂಡ ಬೇಡವೆಂದು ದೊಡ್ಡಸ್ತಿಕೆ ಬೇರೆ.

ವಾರದ ಹಿಂದೆ, ಬೇರು-ನಾರು ಮಾರುವ ಗ್ರಂಧಿಗೆ ಅಂಗಡಿಯಲ್ಲಿ ಬಜೆ ಎಣ್ಣೆಯ ಸೀಸೆ ಕಂಡಾಗ, ಮುನಿಯಮ್ಮನಿಗೆ ಹೇಳಿದ್ದು ನಿಜವೇ ಎಂಬ ಅನುಮಾನ ಹುಟ್ಟಿತು. ತಂದು, ಜೀವಾಣು ಬೆಳೆಸುವ ಗಾಜಿನ ತಟ್ಟೆಯಲ್ಲಿ ಎಣ್ಣೆಯಲ್ಲಿ ಅದ್ದಿದ ಕಾಗದದ ಚೂರಿಟ್ಟೆ. ಬಸ್ಸು ಹತ್ತಿದ ದಿನ ಬೆಳಿಗ್ಗೆ ನೋಡಿದರೆ ಚೂರಿನ ಸುತ್ತ ಬಳೆಯಗಲ ಬೋಳು. ಅಲ್ಲಿ ಒಂದು ಜೀವವೂ ಬೆಳೆದಿರಲಿಲ್ಲ.

ಅಲ್ಲಾಳಸಂದ್ರದಲ್ಲಿ ಇಳಿದು ಕೆರೆಯ ಪಕ್ಕ ಒಂದು ಮೈಲಿ ನಡೆದೆ. ತುಂತುರು ಮಳೆ, ಚಪ್ಪಲಿಗೆ ಕೆಮ್ಮಣ್ಣು. ಮುನಿಯಮ್ಮ ಕೊಟ್ಟ ಮಜ್ಜಿಗೆಯನ್ನು ಜಗಲಿಯ ಮೇಲಿಟ್ಟು ಅವಳೊಂದಿಗೆ ಹೊಲಕ್ಕೆ ನಡೆದೆ. ಹೊಲದಲ್ಲಿ ಎಲೆಗಳು ಹಳದಿ. ಒಂದು ಗಿಡ ಕಿತ್ತೆ. ಬೇರಿನಲ್ಲಿ ಗಂಟಿಲ್ಲ. ಇನ್ನೊಂದು, ಮತ್ತೊಂದು. ಎಲ್ಲವೂ ಬೋಳು.

"ಜೀವಾಣು ಸತ್ತಾವವ್ವಾ. ಆ ಎಣ್ಣೀನ ಕೊಂದೈತಿ ಅನಸ್ತದ. ತಪ್ಪು ನಂದು," ಎಂದೆ.

ಬೈಯುತ್ತಾಳೆಂದು ಕಾದೆ. ಮುನಿಯಮ್ಮ ಬೇರನ್ನು ಸೆರಗಿನಿಂದ ಒರೆಸಿ ನೋಡಿದಳು. ಇದ್ದಕ್ಕಿದ್ದಂತೆ ಅದನ್ನು ಕೆಳಗೆಸೆದಳು. "ಅಯ್ಯೋ, ನಮ್ ತಂಗಿ! ಕೊಡಿಗೇಹಳ್ಳೀಲಿ ಇವತ್ತೇ ಬಿತ್ತನೆ. ನಿಮ್ ಪೊಟ್ಣಾನೂ ಕೊಟ್ಟು, ಬೀಜಕ್ಕೆ ಬಜೆ ಎಣ್ಣೆ ಅಚ್ಚು, ಏನೂ ಆಗಾಕಿಲ್ಲ ಅಂತ ನಾನೇ ಏಳ್ಬುಟ್ಟಿದೀನಿ!"

ಬಸ್ಸಿಗೆ ಅರ್ಧ ಗಂಟೆ ಕಾದೆ. ಅಷ್ಟು ಉದ್ದದ ಅರ್ಧ ಗಂಟೆ ನನಗೆ ಗೊತ್ತಿಲ್ಲ. ಆಡಿದ ಮಾತು ನನಗಿಂತ ಮೊದಲೇ ಊರು ಸುತ್ತುತ್ತಿತ್ತು. ಕೊಡಿಗೇಹಳ್ಳಿಯಲ್ಲಿ ಇಳಿದು, ದಾರಿ ಕೇಳುತ್ತ ಓಡಿದೆ.

ತಂಗಿ ಲಕ್ಷ್ಮಮ್ಮ ಬದುವಿನ ಮೇಲೆ ಕೂತಿದ್ದಳು. ಮುಂದಿನ ಬೋಗುಣಿಯ ಬೀಜದಿಂದ ಬಜೆಯ ಘಾಟು. ನಮ್ಮ ಪೊಟ್ಟಣವನ್ನು ಹಲ್ಲಿನಲ್ಲಿ ಕಚ್ಚಿ ಹರಿಯುತ್ತಿದ್ದಳು.

"ತಡೀರಿ!" ಎಂದು ಕಿರುಚಿದೆ. ಏದುಸಿರಿನಲ್ಲೇ ಎಲ್ಲ ಹೇಳಿದೆ. "ಬೀಜಕ್ಕ ಹಚ್ಚಬ್ಯಾಡ್ರಿ. ಕೊಟ್ಟಿಗಿ ಗೊಬ್ಬರದಾಗ ಬೆರಸಿ, ಬೀಜದಿಂದ ಒಂಚೂರು ದೂರ ಸಾಲಿಗೆ ಹಾಕೂಣು."

"ಅಂಗಾದ್ರೆ ಏನೂ ಆಗಾಕಿಲ್ವಾ, ಮೇಡಮ್ಮೋರೆ?"

ಅದೇ ಹಳೆಯ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

"ಗೊತ್ತಿಲ್ಲವ್ವಾ."

ಅವಳು ಪೊಟ್ಟಣವನ್ನು ಬದುವಿನ ಮೇಲಿಟ್ಟಳು. ಆಮೇಲೆ ನೇಗಿಲು ಹಿಡಿದಿದ್ದ ಗಂಡನಿಗೆ ಕೂಗಿ ಹೇಳಿದಳು: "ಈ ಸೋಯಾ ಎರಡೇ ಸಾಲು ಸಾಕು ಕಣ್ರೀ. ಮಿಕ್ಕಿದ್ದಕ್ಕೆ ರಾಗಿ ಆಕಾನ."

ಆ ಎರಡು ಸಾಲಿಗೆ ನಾನೂ ಕೈಹಾಕಿ ಬೀಜ ಬಿತ್ತಿದೆ. ಹಿಂದಿರುಗುವ ಬಸ್ಸಿನ ಕಿಟಕಿಯಿಂದ ಅತ್ತ ನೋಡಿದೆ, ಹೊಲ ಕಾಣಲಿಲ್ಲ. ಹೆಬ್ಬಾಳ ಬಂದರೂ ಬೆರಳಿನಿಂದ ಬಜೆಯ ವಾಸನೆ ಹೋಗಿರಲಿಲ್ಲ.