ಒಂದು ಕೊಂಬಿನ ಅಂತರ

ಫೋನು ಇಡುವ ಮುನ್ನ ‘ಕಟ್ ಮಾಡ್ತೀನಿ’ ಎನ್ನುವುದು ನಮಗೆಲ್ಲ ಯಾವಾಗ ರೂಢಿಯಾಯಿತೋ ತಿಳಿಯದು. ಕರೆಂಟು ಕಟ್ ಆಗುತ್ತದೆ, ಸಂಬಳ ಕಟ್ ಆಗುತ್ತದೆ, ಕೂದಲು ಕಟಿಂಗಿಗೆ ಹೋಗುತ್ತದೆ. ನನ್ನ ತಲೆಯ ಮಟ್ಟಿಗೆ ಆ ಕೊನೆಯ ಚಿಂತೆ ತೀರಿ ವರ್ಷಗಳಾದವು. ಆದರೆ ಈ ಪದಕ್ಕೆ ಒಂದು ಒತ್ತು, ಒಂದು ಕೊಂಬು ಕೊಟ್ಟು ನೋಡಿ. ಅದು ‘ಕಟ್ಟು’ ಆಗಿ, ಮಾಲೆಯನ್ನೋ ಮನೆಯನ್ನೋ ಗೂಡನ್ನೋ ಕಟ್ಟತೊಡಗುತ್ತದೆ. ಕೊಂಬು ಹೋದರೆ ಏನಾಗುತ್ತದೆಂಬುದನ್ನು ನಾನು ವ್ಯಾಕರಣದಿಂದ ಕಲಿಯಲಿಲ್ಲ, ಕುಂಬಾರಕೊಪ್ಪಲಿನ ಒಂದು ತಾರಸಿಯಲ್ಲಿ ಕಲಿತೆ.

ವನ್ಯಜೀವಿಗಳ ಸಾಕ್ಷ್ಯಚಿತ್ರ ತೆಗೆದು ಬದುಕಿದ ನಾನು, ಈಗ ಭಾನುವಾರಗಳಂದು ಕಾಲೇಜು ಮಕ್ಕಳಿಗೆ ಆ ವಿದ್ಯೆ ಹೇಳಿಕೊಡುತ್ತೇನೆ. ಅವರು ತೆಗೆದ ಪುಟ್ಟ ಚಿತ್ರವನ್ನು ತಮ್ಮ ಬಡಾವಣೆಯ ಶಾಲೆಯಲ್ಲಿ ತೋರಿಸಬೇಕು, ನೋಡಿದ ಮಕ್ಕಳಲ್ಲಿ ಸುತ್ತಲಿನ ಜೀವಿಗಳನ್ನು ಕಾಪಾಡುವ ಮನಸ್ಸು ಹುಟ್ಟಬೇಕು ಎಂಬುದು ನನ್ನ ಆಸೆ. ಮೊದಲ ದಿನ ಎಲ್ಲರದೂ ಒಂದೇ ಪ್ರಶ್ನೆ: “ಹುಲಿ ಯಾವಾಗ ಸಾರ್?” ಹುಲಿಗಾಗಿ ಜೀಪಿನಲ್ಲಿ ಕಾದು ಕಾದು ಬೆನ್ನುನೋವನ್ನಷ್ಟೇ ಸಂಪಾದಿಸಿದ ನಾನು, ಮನೆ ಮುಂದಿರುವುದನ್ನೇ ತೆಗೆಯಿರಿ ಎಂದೆ.

ಕುಂಬಾರಕೊಪ್ಪಲಿನ ಶೈಲಾ ಎಂಬ ಹುಡುಗಿ ಅದನ್ನು ಅಕ್ಷರಶಃ ಪಾಲಿಸಿದಳು. ಅವಳ ಮನೆಯೆದುರಿನ ಹಳೆಯ ಹುಣಸೆಮರದ ತುಂಬ ಬೆಳ್ಳಕ್ಕಿಗಳ ಗೂಡುಗಳು. ಕಡ್ಡಿ ತರುವುದರಿಂದ ಹಿಡಿದು ಮರಿಗಳು ಬಾಯ್ದೆರೆಯುವವರೆಗೆ ಎಲ್ಲವನ್ನೂ ತನ್ನ ತಾರಸಿಯಿಂದಲೇ ಸೆರೆಹಿಡಿದಳು. ಮರಿಗಳ ಮೊದಲ ಹಾರಾಟವೊಂದೇ ಬಾಕಿ ಇತ್ತು.

ಅದಕ್ಕಾಗಿಯೇ ಆ ಬೆಳಿಗ್ಗೆ ನಾನೂ ಅಲ್ಲಿಗೆ ಹೋಗಿದ್ದೆ. ಮೂರುಕಾಲಿನ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಇಟ್ಟು, ಗೂಡಿದ್ದ ಒಂದು ಕೊಂಬೆಗೆ ಗುರಿಯಿಟ್ಟು ಶೈಲಾ ರೆಕಾರ್ಡಿಂಗ್ ಗುಂಡಿ ಒತ್ತಿದ್ದಳು. ಅಷ್ಟರಲ್ಲಿ ಮರದ ಆಚೆ ಬದಿಯಲ್ಲಿ ಮಚ್ಚಿನ ಸದ್ದು ಕೇಳಿತು. ಅವಳು ಕೆಳಗೆ ಓಡಿದಳು; ಮೊಣಕಾಲು ಬಿಟ್ಟಷ್ಟು ವೇಗದಲ್ಲಿ ನಾನೂ ಹೋದೆ. ನಾನು ಬೀದಿ ಮುಟ್ಟುವಾಗ ಕೊಂಬೆಗಳು ಒಂದರ ಮೇಲೊಂದು ಬಿದ್ದಿದ್ದವು, ಶೈಲಾ ಎಲೆಗಳ ನಡುವಿನಿಂದ ಮರಿಗಳನ್ನು ಆರಿಸಿ ದುಪಟ್ಟಾದಲ್ಲಿ ತುಂಬಿಕೊಳ್ಳುತ್ತಿದ್ದಳು. ಹೆಚ್ಚಿನವು ಸತ್ತಿದ್ದವು.

ಕೆಲಸ ಮಾಡಿಸುತ್ತಿದ್ದವರು ಮರದ ಪಕ್ಕದ ಮನೆಯ ಪುಟ್ಟಸ್ವಾಮಣ್ಣ.

“ಏನ್ ಮಾಡ್ಬುಟ್ರಿ ಅಂಕಲ್!”

“ಮರ ಕಡಿಸ್ಲಿಲ್ಲ ಕಣಮ್ಮ, ಬರೀ ಕೊಂಬೆ ಸವರಿಸ್ದೆ. ಇಷ್ಟು ವರ್ಷ ಹಿಕ್ಕೆ, ನಾತ ಎಲ್ಲಾ ತಡ್ಕೊಂಡಿರ್ಲಿಲ್ವಾ? ನೀನು ದಿನಾ ಕ್ಯಾಮೆರಾ ಇಡ್ಕೊಂಡು ನಿಂತ್ಬುಟ್ಟೆ. ನಾಳೆ ಯಾರಾದ್ರೂ ಬಂದು ಪಕ್ಷಿಧಾಮ ಅಂತ ಬೋರ್ಡ್ ನೆಟ್ಬುಟ್ರೆ ನಾವು ಮೇಲೊಂದು ಮನೆ ಕಟ್ಟೋದ್ ಎಂಗೆ?” ಎಂದವರು, ದುಪಟ್ಟಾದೊಳಗೆ ಕಣ್ಣು ಬಿದ್ದದ್ದೇ ದನಿ ತಗ್ಗಿಸಿದರು. “ಮರಿ ಇದ್ದದ್ದು ಗೊತ್ತಿರ್ಲಿಲ್ಲ ಕಣಮ್ಮ.”

ಬದುಕಿದ್ದವನ್ನು ಹಕ್ಕಿಗಳ ಶುಶ್ರೂಷೆ ಮಾಡುವವರೊಬ್ಬರಿಗೆ ಒಪ್ಪಿಸಿದೆವು. ಅವೂ ಉಳಿಯಲಿಲ್ಲ.

ತಾರಸಿಯ ಕ್ಯಾಮೆರಾವನ್ನು ಇಬ್ಬರೂ ಮರೆತಿದ್ದೆವು. ‘ಕಟ್’ ಎನ್ನುವವರಿಲ್ಲದೆ ಅದು ನೋಡುತ್ತಲೇ ಇತ್ತು. ಮೊದಲು ಗೂಡು, ಕೊಂಬೆ. ಕೊಂಬೆ ನಡುಗುತ್ತದೆ, ಕೆಳಗಿಳಿದು ಚೌಕಟ್ಟಿನಿಂದ ಮರೆಯಾಗುತ್ತದೆ. ಆಮೇಲೆ ಬರೀ ಆಕಾಶ, ಅದರಲ್ಲಿ ಸುತ್ತುತ್ತಲೇ ಇರುವ ಬೆಳ್ಳಕ್ಕಿಗಳು.

ಗೂಡು ಕಟ್ಟುವವರೆಗಷ್ಟೇ ಮಕ್ಕಳಿಗೆ ತೋರಿಸೋಣವೇ ಎಂದು ಶೈಲಾಳನ್ನು ಕೇಳಿದೆ. ತನ್ನ ಕ್ಯಾಮೆರಾ ನೋಡಿಯೇ ಮಚ್ಚು ಬಂದಿತೆಂಬ ಸಂಕಟ ಅವಳಿಗಿತ್ತು. ಇನ್ನು ಕ್ಯಾಮೆರಾ ಮುಟ್ಟುವುದಿಲ್ಲವೆಂದೂ ಹೇಳಿದ್ದಳು. ಆದರೂ, “ಅಷ್ಟೇ ತೋರಿಸಿದ್ರೆ ಸುಳ್ಳಾಗಲ್ವಾ ಸಾರ್?” ಎಂದಳು. ಮರದ ಮೇಲಿನವರನ್ನು ನೋಡುವ ಬಗೆಯನ್ನು ನಾನು ಚೆನ್ನಾಗಿಯೇ ಕಲಿಸಿದ್ದೆ. ಮರದ ಕೆಳಗಿನವರ ಬಾಗಿಲು ತಟ್ಟುವುದನ್ನು ಅವಳು ತಾನೇ ಕಲಿತಳು: ಚಿತ್ರ ನೋಡಲು ಬರಬೇಕೆಂದು ಪುಟ್ಟಸ್ವಾಮಣ್ಣನವರನ್ನು ಕರೆದು ಬಂದಳು.

ನಿನ್ನೆ ಸಂಜೆ, ಶಾಲೆಯಲ್ಲಿ ಚಿತ್ರ ತೋರಿಸಿ ಬಂದು ಫೋನು ಮಾಡಿದಳು. ಪುಟ್ಟಸ್ವಾಮಣ್ಣ ಬಂದಿದ್ದರಂತೆ, ಬಾಗಿಲಲ್ಲೇ ನಿಂತಿದ್ದರಂತೆ. ಚಿತ್ರ ಮುಗಿದಾಗ ಒಂದು ಪುಟ್ಟ ಹುಡುಗಿ, “ಅಕ್ಕಾ, ಅವು ಯಾವಾಗ ಕೆಳಗಿಳೀತವೆ?” ಎಂದು ಕೇಳಿದಳಂತೆ.

“ನೀನೇನಂದೆ?”

“ಬಾಗಿಲ ಕಡೆ ನೋಡ್ದೆ ಸಾರ್. ಪುಟ್ಟಸ್ವಾಮಣ್ಣ ಆಚೆ ಹೋಗ್ಬುಟ್ರು.”

ಅವಳ ಬೀದಿಯ ಸದ್ದು ಫೋನಿನಲ್ಲಿ ಕೇಳುತ್ತಿತ್ತು.

“ಸರಿ ಸಾರ್, ಕಟ್...” ಎಂದವಳು ತಡೆದಳು. “ಇಡ್ತೀನಿ.”

ಆದರೆ ಇಡಲಿಲ್ಲ. ನಾನೂ ಇಡಲಿಲ್ಲ.