ಮೂರನೆಯ ಸಾಲು

ತಾರಾನಾಥಣ್ಣನಿಗೆ ಓದಲು ಕಣ್ಣು ಕಾಣುವುದಿಲ್ಲ ಎಂಬುದು ಮುಂಬೈ ಪಕ್ಕದ ಠಾಣೆಯ ನಮ್ಮ ಔಷಧ ಗೋದಾಮಿನ ಆಫೀಸಿನಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಪೂರ್ತಿ ಕುರುಡಲ್ಲ. ಜನ, ಗೋಡೆ, ಮೇಜು ಮಸುಕಾಗಿ ಕಾಣುತ್ತಿದ್ದವು. ಅಕ್ಷರ ಮಾತ್ರ ಇಲ್ಲ. ಕಳವಾ ಸ್ಟೇಷನ್ನಿನಲ್ಲಿ ಅನೌನ್ಸ್‌ಮೆಂಟು ಕೇಳಿಯೇ ಲೋಕಲ್ ಹತ್ತುತ್ತಿದ್ದರು.

"ಯಾರಿಗೂ ಹೇಳ್ಬೇಡ ಸುಮೇಧಾ. ಮನೀಶನ ಕಾಲೇಜು ಮುಗಿಯುವವರೆಗೆ ಈ ಕೆಲಸ ಉಳಿದ್ರೆ ಸಾಕು ಮಾರಾಯ್ತಿ" ಎಂದಿದ್ದರು. ಮನೀಶ ಅವರ ಒಬ್ಬನೇ ಮಗ.

ಹಳೆಯ ಕಂಪ್ಯೂಟರಿಗೆ ಅವರ ಕಣ್ಣು ಬೇಕಿರಲಿಲ್ಲ. ಆರ್ಡರಿನ ಚೀಟಿ ನಾನು ಓದಿ ಹೇಳುತ್ತಿದ್ದೆ. ಅವರು ಕಪ್ಪು ಪರದೆಯ ಮೇಲೆ ಆಜ್ಞೆ ಟೈಪ್ ಮಾಡಿ ಎಂಟರ್ ಒತ್ತುತ್ತಿದ್ದರು. ಹಿಂದೆ ಉಡುಪಿ ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದವರು, ಗಿರಾಕಿ ಕೂತ ಕೂಡಲೇ ತಿಂಡಿಯ ಹೆಸರುಗಳನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿದ ಬಾಯಿ ಅದು. ನಲವತ್ತು ಆಜ್ಞೆಗಳೂ ಹಾಗೆಯೇ ಕಂಠಪಾಠವಾಗಿದ್ದವು.

1997ರಲ್ಲಿ ಮೌಸಿನ ಪ್ರೋಗ್ರಾಂ ಬಂತು. ಬಲಗುಂಡಿ ಒತ್ತಿದರೆ ಪಟ್ಟಿಯೊಂದು ಬಿಚ್ಚಿಕೊಳ್ಳುತ್ತದೆ. ಬೇಕಾದ ಕೆಲಸವನ್ನು ಓದಿ ಆರಿಸಬೇಕು. ಮ್ಯಾನೇಜರ್ ದೇವದಾಸ್ ಕೇಳಿದರು: "ತಾರಾನಾಥ್, ನೀವು ಸೀನಿಯರ್. ಪುರಾನಾ ಇಡುವಾ, ನಯಾ ತಕೊಳ್ಳುವಾ? ನೀವು ಹೇಳಿದ್ದೇ ಫೈನಲ್."

ಹಳೆಯದೇ ಇರಲಿ ಎಂದರೆ ಮುಗಿದಿತ್ತು. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಯಾಕೆ ಎಂದು ಕೇಳಿಯಾರೆಂದು ಹೆದರಿದರು.

"ಹೊಸತೇ ಆಗ್ಲಿ ಸಾರ್. ಎಂತ ಕಷ್ಟ ಉಂಟು ಅದ್ರಲ್ಲಿ?"

ನನಗೆ ಮೈಯೆಲ್ಲ ಉರಿಯಿತು. "ನಿಮ್ಗೆ ತಲೆ ಸಮ ಉಂಟಾ?" ಎಂದು ಆಮೇಲೆ ಬೈದೆ.

"ಎಷ್ಟನೇ ಸಾಲು ಅಂತ ಹೇಳು ಸಾಕು. ನಾನು ಎಣಿಸ್ತೇನೆ."

ಪ್ರಿಂಟ್ ಮೂರನೆಯ ಸಾಲು ಎಂದೆ. ಮೌಸನ್ನು ನಾನು ಆರ್ಡರಿನ ಮೇಲೆ ಇಟ್ಟುಕೊಡುವುದು, ಅವರು ಬಲಗುಂಡಿ ಒತ್ತುವುದು, ಕೀಲಿಯಿಂದ ಮೂರು ಸಲ ಕೆಳಗೆ ಇಳಿಯುವುದು, ಎಂಟರ್. ಎರಡು ತಿಂಗಳು ಹೀಗೇ ನಡೆಯಿತು.

ಹೋಟೆಲಿನ ತಿಂಡಿಪಟ್ಟಿ ಯಾವ ಮೇಜಿನಲ್ಲಿ ಕೂತರೂ ಒಂದೇ. ಈ ದರಿದ್ರದ ಪಟ್ಟಿ ಹಾಗಲ್ಲ. ಆರ್ಡರಿನ ಮೇಲೆ ಒತ್ತಿದರೆ ಒಂದು, ಪಕ್ಕದಲ್ಲಿರುವ ತಿಂಗಳ ಹೆಸರಿನ ಮೇಲೆ ಒತ್ತಿದರೆ ಬೇರೆಯೇ ಒಂದು. ಅಲ್ಲಿ ಮೂರನೆಯ ಸಾಲು ಡಿಲೀಟ್. ನನಗದು ಗೊತ್ತಿತ್ತು, ಅವರಿಗೆ ಹೇಳಬೇಕೆಂದು ಹೊಳೆಯಲೇ ಇಲ್ಲ.

ನಾನು ಊಟಕ್ಕೆ ಎದ್ದಿದ್ದಾಗ ಅವರ ಮೌಸು ಸ್ವಲ್ಪ ಪಕ್ಕಕ್ಕೆ ಸರಿದಿತ್ತು. ಮೂರು ಸಲ ಕೆಳಗೆ, ಎಂಟರ್. ಅಳಿಸಲೇ ಎಂದು ಕಂಪ್ಯೂಟರ್ ಕೇಳಿದ್ದಕ್ಕೂ, ಪ್ರಿಂಟಿನದೇ ಪ್ರಶ್ನೆ ಎಂದುಕೊಂಡು, ಎಂಟರ್. ಅಕ್ಟೋಬರ್ ತಿಂಗಳ ಆರ್ಡರುಗಳೆಲ್ಲ ಹೋದವು.

ದೇವದಾಸ್ ಪರದೆಗೆ ಬೆರಳಿಟ್ಟು "ಇಲ್ಲೇನು ಬರೆದಿದೆ, ಓದಿ" ಎಂದರು. ತಾರಾನಾಥಣ್ಣ ನನ್ನ ಕಡೆ ತಿರುಗಿದರು. ಸಾಲು ಹೇಳಿದ್ದು ನಾನು ಎನ್ನಲು ನಾಲಿಗೆ ಏಳಲಿಲ್ಲ. ನನ್ನ ಕೆಲಸವೂ ನನಗೆ ಬೇಕಿತ್ತು. ಅವರೂ ನನ್ನ ಹೆಸರೆತ್ತಲಿಲ್ಲ.

ಸಂಜೆಯೊಳಗೆ ತಾರಾನಾಥಣ್ಣನ ರಾಜೀನಾಮೆ ಪತ್ರವನ್ನು ದೇವದಾಸ್ ನನ್ನ ಕೈಯಲ್ಲೇ ಟೈಪ್ ಮಾಡಿಸಿದರು. ತಾರಾನಾಥಣ್ಣ ಪೆನ್ನು ಹಿಡಿದು, ಕಾಗದವನ್ನು ಮೂಗಿನ ಹತ್ತಿರ ತಂದುಕೊಂಡು ಸಹಿಯ ಜಾಗ ಹುಡುಕಿದರು.

"ಎಷ್ಟನೇ ಸಾಲು ಸುಮೇಧಾ?"

ಅವರ ಬೆರಳನ್ನು ಹಿಡಿದು ಕಾಗದದ ಕೆಳತುದಿಯಲ್ಲಿ ಇಟ್ಟೆ. ಈ ಸಲವೂ ನನ್ನನ್ನು ನಂಬಿ ಅಲ್ಲೇ ಸಹಿ ಹಾಕಿದರು.